ಟ್ಯಾನ್ಸಿಗೆಂದು ಕೊಂಡ ರಿವಾಲ್ವರ್

ಹೇಳಿಕೆ ಕೊಡುವವನ ಹೆಸರು ಹೋಬರ್ಟ್ ಸ್ಲೋನ್, ತಂದೆ ದಿವಂಗತ ಏಸಾ ಸ್ಲೋನ್, ವಯಸ್ಸು 63 ವರ್ಷ, ಕೆಲಸ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದು, ವಾಸ ಲಿಕ್ ಫೋರ್ಕ್ ರಸ್ತೆ, ಸೇತುವೆ ದಾಟಿ ಬಲಗಡೆ ಎರಡನೇ ಮನೆ, ಟಾಲ್ಬರ್ಟ್ ಕೌಂಟಿ, ಕೆಂಟಕಿ. ಓದಿದ್ದು ಆರನೇ ತರಗತಿಯವರೆಗೆ, ಅದೂ ಪೂರ್ತಿ ಅಲ್ಲ. ಷೆರಿಫ್ ಕಚೇರಿಯ ಪೊಲೀಸ್ ಡೆಪ್ಯುಟಿ ಟ್ಯಾಕೆಟ್ ಅವರು ನೀವು ಹೇಳುತ್ತಾ ಹೋಗಿ, ನಾನು ಬರೆದುಕೊಳ್ಳುತ್ತೇನೆ ಎಂದರು. ಬಾಯಲ್ಲಿ ಹೇಳಲು ಹೋದರೆ ನಡುವೆ ನಿಂತುಹೋಗುತ್ತದೆ ಎಂಬ ಭಯದಿಂದ ನಾನೇ ಬರೆಯುತ್ತಿದ್ದೇನೆ. ತಮ್ಮ ಕಚೇರಿಗೆ ನಾನು ಅರಿಕೆ ಮಾಡುವುದು ಏನೆಂದರೆ:

ದಿನಾಂಕ 13-11-2018ರಂದು ಬೆಳಿಗ್ಗೆ ನನ್ನ ಎದುರು ಮನೆಯ ರೂಫಸ್ ಕಾಡಿಲ್ ಅವರು ತಮ್ಮ ಅಂಗಳದಲ್ಲಿ ಕೊರಳಪಟ್ಟಿ ಇದ್ದ ನಾಯಿಯೊಂದನ್ನು ಗುಂಡಿಟ್ಟು ಕೊಂದರೆಂದು ಅವರ ಮೇಲೆ ಪ್ರಾಣಿಹಿಂಸೆಯ ಕೇಸು ಹಾಕಿ, ಅವರ ನಾಲ್ಕು ಬೇಟೆನಾಯಿಗಳನ್ನು ಕೌಂಟಿಯವರು ಒಯ್ದಿದ್ದಾರೆ. ಸತ್ತ ನಾಯಿ ನನ್ನದು. ಹೆಸರು ಟ್ಯಾನ್ಸಿ, ಹೆಣ್ಣು, ವಯಸ್ಸು 13. ರೂಫಸ್ ಅವರದು ಏನೂ ತಪ್ಪಿಲ್ಲ. ತಪ್ಪು ನನ್ನದು. ಅದು ಹೇಗೆಂದು ಮೊದಲಿನಿಂದ ಬರೆಯುತ್ತೇನೆ.

ಟ್ಯಾನ್ಸಿ ಮೊದಲು ನನ್ನ ಅಣ್ಣ ಆರ್ವಿಲ್‌ನದಾಗಿತ್ತು. ಅವನು ಗಣಿಯಲ್ಲಿ 26 ವರ್ಷ ದುಡಿದು ಎದೆಯಲ್ಲಿ ಕಲ್ಲಿದ್ದಲ ಧೂಳು ತುಂಬಿಕೊಂಡು ಎರಡು ವರ್ಷದ ಹಿಂದೆ ತೀರಿಕೊಂಡ. ರಾತ್ರಿ ಮರ ಹತ್ತುವ ರಕೂನ್ ಎಂಬ ಪ್ರಾಣಿಯ ಬೇಟೆಗೆ ಅವನ ನಾಯಿಗಳೆಂದರೆ ನಮ್ಮ ಕಣಿವೆಯಲ್ಲಿ ಹೆಸರು. ನಮ್ಮಲ್ಲಿ ಬೇಟೆನಾಯಿಗೆ ವಯಸ್ಸಾಗಿ ನರಳುವ ಹೊತ್ತು ಬಂದರೆ ಸಾಕಿದವನೇ ಅದನ್ನು ಮುಗಿಸಬೇಕು. ಬೇರೆಯವರ ಕೈಗೆ ಕೊಟ್ಟವನ ವಿಷಯ ಜನ ಬಹಳ ವರ್ಷ ಮರೆಯುವುದಿಲ್ಲ. ಆರ್ವಿಲ್ ತನ್ನ ಐದು ನಾಯಿಗಳನ್ನು ತಾನೇ ಮುಗಿಸಿ ಮನೆಯ ಹಿಂದಿನ ಗುಡ್ಡದ ಬೀಚ್ ಮರದ ಕೆಳಗೆ ಹೂತಿದ್ದಾನೆ. ಸಾಯುವ ಮುಂಚೆ ನನ್ನನ್ನು ಹತ್ತಿರ ಕರೆದು, ಟ್ಯಾನ್ಸಿಯ ಹೊತ್ತು ಬಂದಾಗ ಅಪರಿಚಿತರ ಮೇಜಿನ ಮೇಲೆ ಮಲಗಿಸಬೇಡ, ನೀನೇ ಮಾಡು ಎಂದು ಹೇಳಿದ. ನಾನು ಹೂಂ ಎಂದೆ. ನಾನು ಅಲ್ಲಿಯವರೆಗೆ ಒಂದು ಕೋಳಿಯನ್ನೂ ಕೊಂದವನಲ್ಲ. ಅದು ಅವನಿಗೂ ಗೊತ್ತಿತ್ತು.

ದಿನಾಂಕ 18-10-2018ರಂದು 38 ಮೈಲಿ ದೂರದ ಪಶುವೈದ್ಯರ ಬಳಿ ಕರೆದುಕೊಂಡು ಹೋದೆ. ಟ್ಯಾನ್ಸಿಯ ಹೊಟ್ಟೆಯೊಳಗೆ ಗಡ್ಡೆ ಬೆಳೆದಿದೆ, ಒಂದು ತಿಂಗಳು ಉಳಿದರೆ ಹೆಚ್ಚು ಎಂದು ಆಯಮ್ಮ ಹೇಳಿದರು. ನೋವಿಲ್ಲದೆ ಸಾಯುವ ಸೂಜಿ ಹಾಕಲೇ ಎಂದು ಕೇಳಿದರು. ಟ್ಯಾನ್ಸಿ ಆ ಉಕ್ಕಿನ ಮೇಜಿನ ಮೇಲೆ ನಾಲ್ಕು ಕಾಲೂ ನಡುಗಿಸುತ್ತ ನನ್ನ ತೋಳಿನ ಸಂದಿಗೆ ಮೂತಿ ತೂರಿಸಿತ್ತು. ಬೇಡ ಎಂದು ಹೇಳಿ ವಾಪಸ್ ಕರೆತಂದೆ.

ಮನೆಯಲ್ಲಿ ಇದ್ದದ್ದು ಚರೆ ಸಿಡಿಸುವ ಒಂದು ಹಳೆಯ ಶಾಟ್‌ಗನ್ ಮಾತ್ರ. ಅದರಿಂದ ಮಾಡಿದರೆ ಮುಖ ಉಳಿಯುವುದಿಲ್ಲ. ಅಪ್ಪನ ರಿವಾಲ್ವರ್ ಆರ್ವಿಲ್‌ನ ಮಗಳ ಜೊತೆ ಓಹಾಯೋಗೆ ಹೋಗಿದೆ. ಆದ್ದರಿಂದ ದಿನಾಂಕ 22-10-2018ರಂದು ಮಧ್ಯಾಹ್ನ 2-45ಕ್ಕೆ ಡೋವಿಯಮ್ಮನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಗಾಜಿನ ಪೆಟ್ಟಿಗೆಯಲ್ಲಿ ಸಣ್ಣ ತೋಟಾದ .22ರ ರಿವಾಲ್ವರ್ ಎರಡಿದ್ದವು. ಒಂದು ದುಬಾರಿಯದು. ಇನ್ನೊಂದು ನೂರ ಎಪ್ಪತ್ತು ಡಾಲರಿನದು, ಕಂದು ಮರದ ಹಿಡಿ, ಆರು ತೋಟಾ ಹಿಡಿಯುವಂಥದ್ದು. ಕೈಯಲ್ಲಿ ಹಿಡಿದರೆ ನೋಡಲು ಅಪ್ಪನದರ ಹಾಗೇ ಇತ್ತು. ಅಂದು ಕೊಳ್ಳಲಿಲ್ಲ. 24ಕ್ಕೆ ಹೋದೆ, ಕೊಳ್ಳಲಿಲ್ಲ. 26ಕ್ಕೆ ಹೋದಾಗ ಡೋವಿಯಮ್ಮ ಪೆಟ್ಟಿಗೆಯ ಬೀಗ ತೆಗೆಯುವ ಮುಂಚೆಯೇ ನಕ್ಕರು.

"ಏನೋ ಹೋಬರ್ಟ್, ಇದನ್ನ ಕೊಂಡ್ಕೊಳ್ಳೋಕ್ ಬರ್ತಿದ್ದೀಯೋ, ಹೆಣ್ಣು ನೋಡೋಕೋ?"

ಇಷ್ಟು ಅಗ್ಗದ್ದು ಕೈಕೊಡುವುದಿಲ್ಲವೇ, ಕೆಳಗೆ ಬಿದ್ದರೆ ತಾನೇ ಹಾರುವುದಿಲ್ಲವೇ, ನಳಿಗೆ ನೆಟ್ಟಗಿದೆಯೇ, ತೇವಕ್ಕೆ ತುಕ್ಕು ಹಿಡಿದರೆ ಏನು ಗತಿ ಎಂದು ನಾನು ಕೇಳಿದೆ. ಹಿಂದಿನ ಎರಡು ಸಲವೂ ಇದನ್ನೇ ಕೇಳಿದ್ದೆ.

"ನೋಡು, ಇದು ಡಬ್ಬಾ ಹೊಡೆಯೋಕೆ, ಹಾವು ಹೊಡೆಯೋಕೆ ಬೇಕಾದಷ್ಟಾಯ್ತು. ನಿಂಗೆ ಯಾತಕ್ಕೆ ಬೇಕು ಅದನ್ನ ಹೇಳು ಮೊದ್ಲು."

ಹಾವಿಗೆ ಎಂದೆ.

"ಅಕ್ಟೋಬರ್ ಕೊನೇಲಿ ಯಾವ ಹಾವಪ್ಪಾ ನಿನ್ ಮನೆಗೆ ಬರೋದು? ಚಳಿಗೆ ಕಂಬಳಿ ಕೇಳೋಕಾ?"

ಇನ್ನೊಂದು ದಿನ ಬರುತ್ತೇನೆಂದು ಹೊರಟುಬಿಟ್ಟೆ. ನಿಜವಾದ ಕಾರಣ ಹೇಳಿದ್ದರೆ, ಆರ್ವಿಲ್ ಒಂದೇ ಏಟಿಗೆ ಮುಗಿಸುತ್ತಿದ್ದ ಕೆಲಸಕ್ಕೆ ತಮ್ಮ ಐದು ದಿನದಿಂದ ಅಂಗಡಿ ಬಾಗಿಲು ಸವೆಸುತ್ತಿದ್ದಾನೆ ಎಂದು ಊರಿಗೆಲ್ಲ ತಿಳಿಯುತ್ತಿತ್ತು. ಒಂದೇ ದಿನದ, ಒಂದೇ ಗುಂಡಿನ ಕೆಲಸಕ್ಕೆ ಅಗ್ಗದ್ದೇ ಸಾಕು ಎಂದು ಒಂದು ಮನಸ್ಸು. ಆ ಒಂದು ಗುಂಡೇ ತಪ್ಪಿದರೆ ಎಂದು ಇನ್ನೊಂದು ಮನಸ್ಸು. ಹೀಗೇ ಇನ್ನೂ ನಾಲ್ಕು ದಿನ ಕಳೆದವು.

ದಿನಾಂಕ 30-10-2018ರಂದು ಮಧ್ಯಾಹ್ನ 3-10ಕ್ಕೆ ಕೊಂಡೆ. ಅರ್ಜಿ ತುಂಬಿದೆ. ಡೋವಿಯಮ್ಮ ಫೋನು ಮಾಡಿ ಸರ್ಕಾರದ ಒಪ್ಪಿಗೆ ಪಡೆದರು. ಕೊಡುವಾಗ ಅದರ ಜೊತೆ ಬಂದ ಪುಸ್ತಕ ತಪ್ಪದೆ ಓದು ಎಂದು ಹೇಳಿದರು. ಮನೆಗೆ ಬಂದು ಓದಲು ಕೂತೆ. ಮೊದಲ ಪುಟದ ತುಂಬ ಎಚ್ಚರಿಕೆ, ಸಾವು, ಗಾಯ ಎಂದೇ ಕೆಂಪು ಅಕ್ಷರದಲ್ಲಿ ಇತ್ತು. ಅದರ ಮುಂದೆ ಓದುವ ಧೈರ್ಯ ಬರಲಿಲ್ಲ. ಪುಸ್ತಕ ಮುಚ್ಚಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟೆ. ಅದೇ ಸಂಜೆ ಹಿತ್ತಿಲಲ್ಲಿ ಹುರುಳಿಕಾಯಿ ಡಬ್ಬದ ಮೇಲೆ ಆರು ಗುಂಡು ಹಾರಿಸಿ ನೋಡಿದೆ. ಆರೂ ಹಾರಿದವು, ನಾಲ್ಕು ತಗುಲಿದವು. ಕೊಂಡಿದ್ದು ಸಾರ್ಥಕವಾಯಿತು ಎಂದುಕೊಂಡೆ. ಈ ಮಾತನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ತಯಾರಿಸಿದವರ ಮೇಲಾಗಲಿ ಮಾರಿದವರ ಮೇಲಾಗಲಿ ನನ್ನ ದೂರು ಇಲ್ಲ.

ಆದರೆ ಎರಡು ಗುಂಡು ತಪ್ಪಿದ್ದವು, ನನ್ನ ಕೈ ಪಳಗಿರಲಿಲ್ಲ. ನಾವು ಹುಡುಗರಾಗಿದ್ದಾಗ ಅಪ್ಪ ತನ್ನ ರಿವಾಲ್ವರ್ ಖಾಲಿ ಮಾಡಿ ಕೊಟ್ಟು, ಟ್ರಿಗರ್ ಒತ್ತಿ ನೂರು ಸಲ ಬರಿದೇ ಕುಟ್ಟಿದ ಮೇಲೆಯೇ ಒಂದು ತೋಟಾ ಕೊಡುತ್ತಿದ್ದ. ಕೈ ಪಳಗುವುದು ಹಾಗೆಯೇ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದರಂತೆ ದಿನಾಂಕ 31-10-2018ರಿಂದ 12-11-2018ರವರೆಗೆ, 13 ದಿನ, ಸಂಜೆ 5-30ಕ್ಕೆ ಊಟ ಆದ ಮೇಲೆ ಅಡುಗೆಮನೆಯ ಮೇಜಿನ ಬಳಿ ಕೂತು, ಖಾಲಿ ರಿವಾಲ್ವರಿನಲ್ಲಿ ತೋಟಾಕ್ಕೆ ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು, ಟ್ರಿಗರ್ ಒತ್ತಿ ಐವತ್ತು ಸಲ ಕುಟ್ಟಿದೆ. ಲೆಕ್ಕ ತಪ್ಪಬಾರದೆಂದು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದ್ದೇನೆ. ಬೇಕಿದ್ದರೆ ತಂದುಕೊಡುತ್ತೇನೆ.

ಟ್ಯಾನ್ಸಿ ಮೇಜಿನ ಕೆಳಗೆ ಮಲಗುತ್ತಿತ್ತು. ಮೊದಲ ದಿನ ಆ ಕಟ್ ಎಂಬ ಸದ್ದಿಗೆ ಬೆಚ್ಚಿಬಿದ್ದು ಒಲೆಯ ಹಿಂದೆ ಹೋಗಿ ಕೂತಿತು. ಆ ದಿನ ಬಂದಾಗ ಅದು ಹೆದರಿಕೊಂಡು ಸಾಯಬಾರದು ಎಂದು ನನಗೆ ಚಿಂತೆ ಹತ್ತಿತು. ಅದಕ್ಕೆ ಪ್ರತಿ ಸಲ ಕುಟ್ಟಿದಾಗಲೂ ಮೆಕ್ಕೆಜೋಳದ ಬ್ರೆಡ್ಡಿನ ಒಂದು ಚೂರು ಕೊಟ್ಟೆ. ಮೂರನೇ ದಿನದ ಹೊತ್ತಿಗೆ ಸದ್ದು ಕೇಳಿದ ಕೂಡಲೇ ತಲೆ ಎತ್ತಿ ಬಾಲದಿಂದ ನೆಲ ಬಡಿಯತೊಡಗಿತು. ಬೇರೆ ಏನನ್ನೂ ತಿನ್ನದ ನಾಯಿ ಅದೊಂದನ್ನು ತಿನ್ನುತ್ತಿತ್ತು. ನನಗೆ ಸಮಾಧಾನವಾಯಿತು.

ದಿನಾಂಕ 12-11-2018ರಂದು ಟ್ಯಾನ್ಸಿ ಎದ್ದು ನಿಲ್ಲಲು ಮೂರು ಸಲ ಪ್ರಯತ್ನಪಟ್ಟಿತು. ನೀರು ಕುಡಿಯಲಿಲ್ಲ. ಮರುದಿನ ಬೆಳಿಗ್ಗೆಯೇ ಎಂದು ತೀರ್ಮಾನಿಸಿ ಶಾಲೆಗೆ ರಜೆ ಹೇಳಿದೆ.

ದಿನಾಂಕ 13-11-2018ರಂದು ಬೆಳಿಗ್ಗೆ 7-05ಕ್ಕೆ ಮನೆ ಬಿಟ್ಟೆ. 7-10 ಇರಬಹುದು, ಒಲೆ ಆರಿಸಿದೆನೋ ಇಲ್ಲವೋ ಎಂದು ನೋಡಲು ಎರಡು ಸಲ ಒಳಗೆ ಹೋಗಿದ್ದೆ. ಟ್ಯಾನ್ಸಿಯನ್ನು ಎತ್ತಿಕೊಂಡು ಬೀಚ್ ಮರದವರೆಗೆ 220 ಹೆಜ್ಜೆ ನಡೆದೆ. ಆರ್ವಿಲ್‌ನ ಕೋಟು ಹಾಸಿ ಅದರ ಮೇಲೆ ಮಲಗಿಸಿದೆ. ಅದು ಕೋಟನ್ನು ಮೂಸಿ ಮುಂಗಾಲಿನ ಮೇಲೆ ತಲೆ ಇಟ್ಟುಕೊಂಡಿತು. ಆರು ತೋಟಾ ತುಂಬಿದ್ದೆ. ಕಿವಿಯ ಹಿಂದೆ ಎರಡು ಅಂಗುಲ ದೂರದಲ್ಲಿ ಹಿಡಿದು ಟ್ರಿಗರ್ ಒತ್ತಿದೆ.

ಕಟ್ ಎಂದಿತು. ಗುಂಡು ಹಾರಲಿಲ್ಲ.

ಟ್ಯಾನ್ಸಿ ತಲೆ ಎತ್ತಿ ನನ್ನ ಕೈ ನೋಡಿ ಬಾಲ ಬಡಿಯಿತು. ಜೇಬಿನಲ್ಲಿ ಬ್ರೆಡ್ಡು ಇತ್ತು. ಒಂದು ಚೂರು ಕೊಟ್ಟೆ. ತೋಟಾ ಕೆಟ್ಟಿರಬಹುದು ಎಂದುಕೊಂಡೆ. ಎರಡನೇ ಸಲವೂ ಕಟ್ ಎಂದಿತು. ಅದು ತಲೆ ಎತ್ತಿತು, ಕೊಟ್ಟೆ. ಮೂರನೇ ಸಲವೂ ಹಾಗೇ ಆಯಿತು. ಜೇಬಿನಲ್ಲಿ ಉಳಿದಿದ್ದ ಪುಡಿಯನ್ನೆಲ್ಲ ಅಂಗೈಯಲ್ಲಿ ಹಿಡಿದು ನೆಕ್ಕಿಸಿದೆ. ನಾಲ್ಕನೇ ಸಲ ಟ್ರಿಗರ್ ಒತ್ತುವಾಗ ಅದು ಸದ್ದಿಗೆ ಕಾಯದೆ, ಬ್ರೆಡ್ಡು ಬರುತ್ತದೆಂದು ಮೊದಲೇ ತಲೆ ಎತ್ತಿತು. ಆಗ ಗುಂಡು ಹಾರಿತು. ದವಡೆಗೆ ತಗುಲಿತು.

ನಾಲ್ಕು ತಿಂಗಳಿಂದ ಓಡದಿದ್ದ ನಾಯಿ ಎದ್ದು ಓಡಿತು. ಇಳಿಜಾರಿನಲ್ಲಿ ಸುಮಾರು 300 ಅಡಿ ಇಳಿದು, ರಸ್ತೆ ದಾಟಿ, ರೂಫಸ್ ಅವರ ಅಂಗಳದಲ್ಲಿ ಅವರ ಟ್ರಕ್ಕಿನ ಪಕ್ಕ ಬಿತ್ತು. ನಾನು ಹಿಂದೆಯೇ ಓಡಿ ಎರಡು ಕಡೆ ಜಾರಿಬಿದ್ದೆ. ರೂಫಸ್ ಆಗ ತಮ್ಮ ನಾಯಿಗಳಿಗೆ ಅನ್ನ ಹಾಕುತ್ತಿದ್ದರು. ಟ್ಯಾನ್ಸಿಯನ್ನು ನೋಡಿದರು, ರಸ್ತೆಯ ಈಚೆ ಪೈನ್ ಮರಗಳ ಹತ್ತಿರ ರಿವಾಲ್ವರ್ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ಒಳಗೆ ಹೋಗಿ ರೈಫಲ್ ತಂದರು.

"ಹೋಬರ್ಟ್, ನಾನ್ ಮಾಡ್ಲಾ?"

ನಾನು ಹೂಂ ಎಂದು ತಲೆ ಆಡಿಸಿದೆ.

"ಹಂಗಾದ್ರೆ ಮುಖ ಆ ಕಡೆ ತಿರುಗ್ಸು."

ತಿರುಗಿಸಿದೆ. ಒಂದೇ ಗುಂಡು. ಆಗ ಸಮಯ 7-40. ಅದೇ ಗಳಿಗೆಯಲ್ಲಿ ಶಾಲೆಯ ಬಸ್ಸು ತಿರುವಿನಲ್ಲಿ ಬಂದಿತು. ದೂರು ಕೊಟ್ಟ ಬಸ್ಸಿನವರಿಗೆ ಕಂಡದ್ದು ರೂಫಸ್ ಮತ್ತು ನಾಯಿ. ಮರಗಳ ಮರೆಯಲ್ಲಿದ್ದ ನಾನು ಕಾಣಲಿಲ್ಲ.

9-30ಕ್ಕೆ ತಮ್ಮ ಕಚೇರಿಯ ಗಾಡಿ ರೂಫಸ್ ಅವರ ಮನೆಗೆ ಬಂದಿತು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಬಾಗಿಲ ಚಿಲಕದ ಮೇಲೆ ಕೈ ಇಟ್ಟಿದ್ದೆ. ತೆಗೆಯಲಿಲ್ಲ. ಈ ಒಂದು ಸಂಗತಿಯನ್ನು ದಯವಿಟ್ಟು ದೊಡ್ಡದಾಗಿ ಗುರುತು ಮಾಡಿಕೊಳ್ಳಬೇಕು. ರೂಫಸ್ ಅವರು, ನಾಯಿ ನನ್ನ ಅಂಗಳಕ್ಕೆ ಬಂತು, ಹೊಡೆದೆ ಎಂದಷ್ಟೇ ಹೇಳಿದರೆಂದು ಆಮೇಲೆ ತಿಳಿಯಿತು. 10-15ಕ್ಕೆ ಅವರ ನಾಲ್ಕೂ ನಾಯಿಗಳನ್ನು ಪಂಜರದಲ್ಲಿ ತುಂಬಿಕೊಂಡು ಹೋದರು.

ಸಂಜೆ 4 ಗಂಟೆಗೆ ರೂಫಸ್ ಟ್ಯಾನ್ಸಿಯನ್ನು ಮೇವಿನ ಚೀಲದಲ್ಲಿ ಸುತ್ತಿ ಹೊತ್ತುಕೊಂಡು ಬಂದರು. ಇಬ್ಬರೂ ಬೀಚ್ ಮರದ ಕೆಳಗೆ ಗುಂಡಿ ತೋಡಿದೆವು. ನಿಜ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಏನಂತ ಹೇಳ್ಲಿ? ಆರ್ವಿಲ್ ಸ್ಲೋನ್ ತಮ್ಮನ ಕೈಲಿ ಒಂದು ನಾಯಿ ಮುಗ್ಸೋಕಾಗ್ಲಿಲ್ಲ ಅಂತ್ಲಾ? ಸುಮ್ನೆ ಮಣ್ಣು ಹಾಕು."

"ನಿನ್ ನಾಯಿಗಳನ್ನ ಒಯ್ದ್ರಲ್ಲ ರೂಫಸ್."

"ಅವೂ ಒಂದೆರಡು ವಾರ ಸರ್ಕಾರದ ಅನ್ನ ತಿನ್ಲಿ ಬಿಡು. ನನ್ ಅಡುಗೆ ತಿಂದ್ ತಿಂದ್ ಬೇಜಾರಾಗಿತ್ತು ಅವಕ್ಕೆ."

ಹಾಗೆ ಹೇಳಿ ನಗಲು ನೋಡಿದರು. ಅವರು ಹೆಂಡತಿ ಹೋದ ಮೇಲೆ ಒಂಟಿಯಾಗಿ ಇರುವವರು. ವಿಚಾರಣೆಯಲ್ಲಿ ತಪ್ಪಿತಸ್ಥರೆಂದಾದರೆ ಇನ್ನು ಮುಂದೆ ನಾಯಿ ಸಾಕುವಂತಿಲ್ಲ ಎಂದು ಆದೇಶ ಆಗಬಹುದಂತೆ. ಎರಡು ದಿನದಿಂದ ಅವರ ಅಂಗಳದಲ್ಲಿ ಬೊಗಳುವ ಸದ್ದಿಲ್ಲ. ಬೆಳಿಗ್ಗೆ ಅವರು ಖಾಲಿ ಬೋಗುಣಿಗಳನ್ನು ತೊಳೆದು ಬೋರಲು ಹಾಕುವುದು ನನ್ನ ಕಿಟಕಿಗೆ ಕಾಣುತ್ತದೆ.

ಇಂದು ದಿನಾಂಕ 15-11-2018ರಂದು ಬೆಳಿಗ್ಗೆ 9 ಗಂಟೆಗೆ ರಿವಾಲ್ವರ್ ತೆಗೆದುಕೊಂಡು ಡೋವಿಯಮ್ಮನ ಅಂಗಡಿಗೆ ಹೋಗಿ, ಯಾಕೆ ಹಾರಲಿಲ್ಲ ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು, ತೋಟಾ ತುಂಬುವ ಉರುಳೆಯನ್ನು ಹೊರತೆಗೆದು ದೀಪದ ಕೆಳಗೆ ಹಿಡಿದರು. ಆರು ತೂತಿನ ಅಂಚಿನಲ್ಲೂ ಉಗುರು ಒತ್ತಿದ ಹಾಗೆ ಒಂದೊಂದು ಗುಳಿ ಇತ್ತು.

"ಖಾಲಿ ಇಟ್ಕೊಂಡು ಎಷ್ಟು ಸಲ ಕುಟ್ಟಿದ್ಯೋ?"

ಆರುನೂರ ಐವತ್ತು, ಅಪ್ಪ ತನ್ನ ರಿವಾಲ್ವರಿನಲ್ಲಿ ಕಲಿಸಿದ ಹಾಗೆ ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ವಿವರಿಸಿದರು. ಅಪ್ಪನ ರಿವಾಲ್ವರಿನ ತೋಟಾಕ್ಕೆ ಕಿಡಿ ಹೊತ್ತುವುದು ತಳದ ನಡುವಿನಲ್ಲಿ, ಅದನ್ನು ಖಾಲಿ ಕುಟ್ಟಿದರೆ ಹ್ಯಾಮರಿನ ಏಟಿಗೆ ಮುನ್ನುಗ್ಗುವ ಪಿನ್ನು ಗಾಳಿಗೆ ಬಡಿಯುತ್ತದೆ. ಈ ಸಣ್ಣ ತೋಟಾಕ್ಕೆ ಕಿಡಿ ಹೊತ್ತುವುದು ಅಂಚಿನಲ್ಲಿ. ಖಾಲಿ ಕುಟ್ಟಿದರೆ ಪಿನ್ನು ಉಕ್ಕಿನ ಅಂಚಿಗೇ ಬಡಿದು ತಾನೂ ಮೊಂಡಾಗುತ್ತದೆ, ಅಂಚನ್ನೂ ತಿನ್ನುತ್ತದೆ. ಜೊತೆಗೆ ಕೊಟ್ಟ ಪುಸ್ತಕದ ಒಂಬತ್ತನೇ ಪುಟದಲ್ಲಿ ಬರೆದಿದೆ ಎಂದರು. ಯಾತಕ್ಕೆ ಬೇಕಿತ್ತು ಎಂದು ಮತ್ತೆ ಕೇಳಿದರು. ಈ ಸಲ ಹೇಳಿದೆ.

"ಅಯ್ಯೋ ಹೋಬರ್ಟ್. ಅವತ್ತೇ ಒಂದ್ ಮಾತು ಅಂದಿದ್ರೆ ನನ್ ಗಂಡಂದು ಕೊಡ್ತಿದ್ನಲ್ಲೋ. ಜೊತೇಗೂ ಬರ್ತಿದ್ದೆ."

ಕೊನೆಗೂ ಇದು ಕೊಳ್ಳುವಂಥ ವಸ್ತುವೇ ಆಗಿತ್ತೇ, ಅಲ್ಲವೇ ಎಂದು ಕೇಳಿದೆ. ರಿವಾಲ್ವರಲ್ಲಿ ಏನೂ ತಪ್ಪಿರಲಿಲ್ಲ ಎಂದರು. ಅಲ್ಲಿಂದ ನೇರವಾಗಿ 6 ಮೈಲಿ ದೂರದ ಈ ಕಚೇರಿಗೆ 10-20ಕ್ಕೆ ಬಂದೆ.

ಆದ್ದರಿಂದ ರೂಫಸ್ ಕಾಡಿಲ್ ಅವರ ಮೇಲಿನ ಕೇಸು ಕೈಬಿಟ್ಟು, ಅವರ ನಾಲ್ಕು ನಾಯಿಗಳನ್ನು ಇಂದೇ ಬಿಟ್ಟುಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಅವುಗಳಲ್ಲಿ ಕಂದು ಬಣ್ಣದ್ದಕ್ಕೆ ಚಳಿ ತಡೆಯುವುದಿಲ್ಲ. ಶಿಕ್ಷೆ ಏನಿದ್ದರೂ ನನಗೆ ಆಗಲಿ. ನನ್ನಿಂದ ಆಗಲಿಲ್ಲ ಎಂಬುದು ಊರಿಗೆ ತಿಳಿದರೆ ತಿಳಿಯಲಿ.

ರಿವಾಲ್ವರನ್ನು ಈ ಹೇಳಿಕೆಯೊಂದಿಗೆ ಒಪ್ಪಿಸಿದ್ದೇನೆ. ವಾಪಸ್ ಬೇಡ. ಡೆಪ್ಯುಟಿ ಟ್ಯಾಕೆಟ್ ಅವರು ಅದು ಖಾಲಿ ಇದೆಯೇ ಎಂದು ಬಿಚ್ಚಿ ನೋಡಿ, ಹ್ಯಾಮರ್ ಎಳೆದು ಒಂದು ಸಲ ಕುಟ್ಟಿದರು. ಆ ಸದ್ದಿಗೆ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಮೇಜಿನ ಕೆಳಗೆ ನೋಡಿದೆ.

ಇದರಲ್ಲಿ ಬರೆದಿರುವುದೆಲ್ಲ ನಡೆದದ್ದೇ. ಯಾರ ಒತ್ತಾಯವೂ ಇಲ್ಲದೆ ನನ್ನ ಕೈಯಿಂದ ಬರೆದು, ಎರಡು ಸಲ ಓದಿ ನೋಡಿ ಸಹಿ ಮಾಡಿದ್ದೇನೆ.

ಸ್ಥಳ: ಷೆರಿಫ್ ಕಚೇರಿ, ಟಾಲ್ಬರ್ಟ್ ಕೌಂಟಿ
ದಿನಾಂಕ: 15-11-2018, ಬೆಳಿಗ್ಗೆ 11-50

ಸಹಿ: ಹೋಬರ್ಟ್ ಸ್ಲೋನ್