ಮಕ್ಕಳ ವಾರ್ಡಿನ ಹೊಸ ಇನ್‌ಚಾರ್ಜ್

ಬ್ರಹ್ಮಾವರದ ಬಸ್‌ಸ್ಟ್ಯಾಂಡಿನಲ್ಲಿ ಸೀತು ಖಾಲಿ ಮೀನಿನ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ನಾವುಂದಕ್ಕೆ ಹೋಗಲು ಬೈಂದೂರು ಬಸ್ಸು ಕಾಯುತ್ತಿದ್ದಳು. ಪಕ್ಕದಲ್ಲಿ ಆಸ್ಪತ್ರೆಯ ಐಡಿ ಕಾರ್ಡ್ ಹಾಕಿಕೊಂಡ ಹುಡುಗಿ, ಜೊತೆಗೆ ಅವಳ ಚಿಕ್ಕಮ್ಮ. ಸೀತುವಿನ ಮುಖ ರಸ್ತೆಯ ಕಡೆಗಿತ್ತು, ಕಿವಿ ಇವರ ಕಡೆಗೆ.

“ನಾ ಇನ್‌ಚಾರ್ಜ್ ಆಯಿ ಮೂರ್ ತಿಂಗ್ಳಾಯ್ತ್ ಚಿಕ್ಕಮ್ಮ. ಎಂತ ಹೇಳ್ರೂ ‘ಆಯ್ತ್ ಮೇಡಂ’ ಅಂತ್ರ್. ಮಾಡೂದ್ ಮಾತ್ರ ಇಲ್ಲೆ.”

“ಎಲ್ಲರೂ ಹಾಂಗೆಯಾ?”

“ನಮ್ಮ್ ವಾರ್ಡಿನ ಹಳೇ ನರ್ಸ್ ಸುಗುಣಕ್ಕ ಹ್ಯಾಂಗೋ ಉಳ್ದವ್ರೂ ಹಾಂಗೆ. ನಿನ್ನೆ ಒಂದ್ ಮಗಿಗೆ ಡ್ರಿಪ್ ಹಾಕೂಕೆ ನರ ಸಿಕ್ಲಿಲ್ಲೆ. ಮೂರ್ ಸಲ ಚುಚ್ಚಿದೆ. ಮಗಿ ಮರ್ಕೂದ್ ಕಂಡ್ ಅದ್ರ ಅಮ್ಮನ ಕಣ್ಣಂಗೂ ನೀರ್. ಸುಗುಣಕ್ಕ ಬಾಗ್ಲಂಗೆ ಕೈ ಕಟ್ಕಂಡ್ ನಿಂತಿದ್ರ್. ಕಡೀಗೆ ಡಾಕ್ಟ್ರೇ ಬಂದ್ ಹಾಕ್ರ್. ನಂಗೆ ಸೂಜಿ ಹಿಡೂಕೆ ಕಲ್ಸಿದ್ದೇ ಸುಗುಣಕ್ಕ!”

“ನೀ ಕರ್ದ್ಯಾ?”

ಹುಡುಗಿ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

“ಕರ್ದ್ರೆ ಇನ್‌ಚಾರ್ಜಿಗೇ ಬತ್ತಿಲ್ಲೆ ಅಂತ ನಗಾಡ್ತ್ರ್.”

“ಮೊದ್ಲ್ ಕರೀತಿದ್ದ್ಯಾ?”

“ದಿನಾ ಕರೀತಿದ್ದೆ.”

“ಹಂಗಾರೆ ಅವ್ರೂ ಮೂರ್ ತಿಂಗ್ಳಿಂದ ಕಾಯ್ತಾ ಇಪ್ಪುದ್, ಹೆಣೆ.”

ಬಸ್ಸು ಬಂತು. ಚಿಕ್ಕಮ್ಮ ಮೊದಲು ಹತ್ತಿದರು. ಹುಡುಗಿ ಫುಟ್‌ಬೋರ್ಡಿನ ಮೇಲೆಯೇ ಫೋನ್ ಕಿವಿಗಿಟ್ಟಳು.

“ಸುಗುಣಕ್ಕಾ, ನಾನ್ ನವ್ಯಶ್ರೀ. ನಾಳೆ ಆ ಮಗಿ ಸೂಜಿ ಬದ್ಲ್ ಮಾಡ್ಕ್. ನಂಗೆ ಧೈರ್ಯ ಇಲ್ಲೆ. ನೀವ್ ಹಾಕಿ, ನಾ ಮಗಿ ಕೈ ಹಿಡ್ಕಂತೆ.”

ಆ ಕಡೆಯ ಉತ್ತರ ಕೇಳಿಸೀತೇ ಎಂದು ಸೀತು ಕತ್ತು ಚಾಚಿದಳು. ತಾನು ಹತ್ತಬೇಕಾದದ್ದೂ ಅದೇ ಬಸ್ಸು ಎಂದು ನೆನಪಾಗುವಷ್ಟರಲ್ಲಿ ಅದು ಹೊರಟೇ ಹೋಗಿತ್ತು.