ಐಸಿನಲ್ಲಿಟ್ಟ ರಕ್ತ

ಹಲೋ, ಡೇರಿನಾ? ಯಾರು ಮಾತಾಡ್ತಿರೋದು?

...

ಹಾಂ, ಕ್ಯಾನ್ ತೊಳೆಯೋರಾ. ನಿಮ್ಮ ವ್ಯಾನ್ ಡ್ರೈವರನ್ನ ಸ್ವಲ್ಪ ಕರೀರಿ. ಮೂರು ಸಲ ಮಾಡಿದೆ, ಮೊಬೈಲ್ ಎತ್ತಲ್ಲ. ಅವರ ಮಾವ ಅಂತ ಹೇಳಿ... ಬೇಡ, ಯಾರೋ ಅನ್ನಿ. ಮಾವ ಅಂದರೆ ಬರಲ್ಲ.

...

ಬಂದಿರಾ ಅಳಿಯಂದಿರೇ. ಆರಾಮಾ?

...

ನಮಗೆಲ್ಲಿಯ ಆರಾಮ. ನಿಮ್ಮ ಮಗಳು ಬೆಳಿಗ್ಗೆ ಕಾಲು ನೆಲಕ್ಕೆ ಊರಲಿಲ್ಲ. ಎರಡೂ ಮಂಡಿ ಊದಿ ಕಾದ ಹಂಚಾಗಿವೆ. ಏಳು ವರ್ಷದ ಹುಡುಗಿನ ಅವಳಜ್ಜಿ ಸೊಂಟದ ಮೇಲೆ ಹೊತ್ಕೊಂಡು ಬಚ್ಚಲಿಗೆ ಹೋದಳು. ಔಷಧಿ ಡಬ್ಬಿ ಗೂಡಲ್ಲಿ ಹಾಗೇ ಇದೆ. ಯಾಕೆ ಕೊಟ್ಟಿಲ್ಲ ಅಂತ ಗೊತ್ತಲ್ವಾ?

...

ಹಾಂ. ರಕ್ತ ಸರಿಯಾಗಿದೆ ಅಂತ ಲ್ಯಾಬಿನವರು ಹೇಳೋವರೆಗೆ ಕೊಡಬೇಡಿ ಅಂತ ಡಾಕ್ಟರಮ್ಮ ಅಂದಿದ್ದರು. ಈಗ ಅವರೇ ಫೋನ್ ಮಾಡಿದ್ದರು. ಕಣಗಳೆಲ್ಲ ಸತ್ತಿವೆಯಂತೆ. ನಿಮ್ಮ ಕೈಲಿ ಕಳಿಸಿದ ರಕ್ತದ ಟ್ಯೂಬು ಕೊರೆಯೋ ಹಾಗೆ ತಣ್ಣಗಿತ್ತಂತೆ. ತಣ್ಣಗೆ ಮಾಡಬೇಡಿ, ಶರ್ಟಿನ ಜೇಬಲ್ಲಿಟ್ಕೊಂಡು ಹೋಗಿ ಅಂತ ಅವರು ನನ್ನೆದುರಿಗೇ ನಿಮಗೆ ಹೇಳಿದರು. ಎಲ್ಲಿಟ್ಟಿದ್ದಿರಿ?

...

ಗಟ್ಟಿಯಾಗಿ ಹೇಳಿ.

...

ಹಾಲಿನ ಕ್ಯಾನ್ ಮಧ್ಯೆ, ಐಸಲ್ಲಿ. ಭೇಷ್.

...

ಕೆಡಬಾರದು ಅಂತಾನಾ? ಅದೇನು ಹಾಲೇನ್ರಿ? ಹದಿನಾಲ್ಕು ವರ್ಷದಲ್ಲಿ ಒಂದು ಕ್ಯಾನೂ ಕೆಡಿಸಿಲ್ಲ, ಒಪ್ಪಿದೆ. ಕುರಿ ಕಾಯೋ ನನ್ನ ತಲೆಗೇ ಹೋಗಿದ್ದು ನಿಮ್ಮ ತಲೆಗೆ ಹೋಗಲಿಲ್ವಾ? ರಕ್ತದಲ್ಲಿ ಮೈ ಕಾಯೋ ಕಣ ಇರ್ತವೆ. ಈ ಮಗುವಿನಲ್ಲಿ ಅವು ಕಾಯೋದು ಬಿಟ್ಟು ಕೀಲುಗಳಿಗೇ ಬಾಯಿ ಹಾಕ್ತಿವೆ. ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ಯಾವುದು ಕೆಟ್ಟಿದೆ, ಎಷ್ಟು ಕೆಟ್ಟಿದೆ ನೋಡೋಕೆ ಅವು ಜೀವಂತ ಇರಬೇಕು. ಔಷಧಿ ಹೊಟ್ಟೆಗೆ ಬಿದ್ದ ಮೇಲೆ ಅವು ಸುಮ್ಮನಾಗಿಬಿಡ್ತವಂತೆ, ಏನೂ ತಿಳಿಯಲ್ಲವಂತೆ. ಅದಕ್ಕೇ ಮಗು ಮೂರು ದಿನ ಹಲ್ಲು ಕಚ್ಕೊಂಡಿದ್ದು.

...

ಗೊತ್ತಿರಲಿಲ್ಲ ಅನ್ನಬೇಡಿ. ಗೊತ್ತಿಲ್ಲದೋನು ಹೇಳಿದಷ್ಟು ಮಾಡ್ತಾನೆ. ನೀವು ಡಾಕ್ಟರಿಗಿಂತ ಬಲ್ಲವರು.

...

ನನ್ನ ಮಗಳನ್ನ ಯಾಕೆ ಎಳೀತೀರಿ? ಅವಳು ಹೇಳಿದಳಾ ಐಸಲ್ಲಿಡಿ ಅಂತ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ.

...

ಇನ್ನೇನು, ಮತ್ತೆ ಸೂಜಿ. ಇವತ್ತು ಎರಡು ಗಂಟೆಗೆ. ಪೇಟೆ ಲ್ಯಾಬು ಐದಕ್ಕೆ ಮುಚ್ಚುತ್ತೆ, ಇಲ್ಲಿಂದ ಬಸ್ಸು ಹೊರಡೋದೇ ನಾಲ್ಕೂವರೆಗೆ. ನಿಮ್ಮ ವ್ಯಾನೇ ಗತಿ. ಏನು ಮಾಡೋದು, ಗತಿಗೆಟ್ಟಿದೀವಿ.

...

ನೀವು ತಗೊಂಡು ಹೋಗೋದಲ್ಲ. ನಾನೂ ಬರ್ತೀನಿ. ಟ್ಯೂಬು ನನ್ನ ಜೇಬಲ್ಲಿ, ಸ್ಟೇರಿಂಗು ನಿಮ್ಮ ಕೈಲಿ. ದಾರಿಲಿ ಮಾತು ಬೇಡ. ಕಣ ಜೀವಂತ ಇವೆ ಅಂತ ಲ್ಯಾಬಿನವರ ಬಾಯಲ್ಲಿ ಕೇಳೋವರೆಗೆ ನಾನು ಅಲ್ಲಿಂದ ಕದಲಲ್ಲ. ಕೇಳಿದ ತಕ್ಷಣ ಮನೆಗೆ ಫೋನು, ಅವಳಜ್ಜಿ ಡಬ್ಬಿ ಬಿಚ್ಚಿ ಔಷಧಿ ಕೊಡ್ತಾಳೆ.

...

ತಪ್ಪಾಯ್ತು ಅಂತ ನನಗೆ ಹೇಳಿ ಏನು ಬಂತು? ಹೋದ ಸಲ ಮೂರು ಜನ ಹಿಡಿದರೂ ಕೈ ಬಿಚ್ಚಲಿಲ್ಲ ಅವಳು. ಇದೇ ಕೊನೆ ಸೂಜಿ, ನನ್ನಾಣೆಗೂ ಅಂದಿರಿ. ಆಮೇಲೆ ತಾನಾಗೇ ಕೈ ಚಾಚಿದಳು. ಅಪ್ಪನ ಮಾತು ಅಂತ. ಮತ್ತೆ ಯಾಕೆ ಚುಚ್ಚಬೇಕು ಅಂತ ಅವಳಿಗೆ ನೀವೇ ಹೇಳಿ. ನನ್ನ ಕೈಲಾಗಲ್ಲ.

...

ಲೋಡು ಆಮೇಲೆ ಮಾಡಿ. ಇಲ್ಲೇ ಬಾಗಿಲ ಹತ್ತಿರ ಗೋಡೆಗೊರಗಿ ಕೂತಿದಾಳೆ. ಕೊಡ್ತಿದೀನಿ... ಬಾರೇ ಗಿಣಿ, ಏಳಬೇಡ, ನಾನೇ ತಂದೆ, ಹಿಡ್ಕೋ. ನಿಮ್ಮಪ್ಪ ಏನೋ ಹೇಳಬೇಕಂತೆ.

...

ಏನಂದ?

...

ಏನೂ ಕೇಳಿಸ್ತಿಲ್ವಾ? ಕೊಡು ಇಲ್ಲಿ. ಹಲೋ... ಅಳಿಯಂದಿರೇ? ಹಲೋ...

...

ಇಲ್ಲ ಗಿಣಿ. ಅಪ್ಪ ಯಾಕೆ ಫೋನ್ ಇಡ್ತಾನೆ? ಲೈನು ಹೋಗಿದೆ, ಅಷ್ಟೇ.