ಕಿವಿಯಲ್ಲಿ ಹೇಳಿದ ಹೆಸರು

…ರತ್ನಾವತಿ ಅಂತಲೇ ಹೇಳಿದ್ದು ಮಾರಾಯ್ತಿ! ಮೂರು ಸಲ. ಸ್ಪಷ್ಟ. ಮತ್ತೆಂತ ಹೇಳ್ತೇನೆ ನಾನು? ಆ… ನೀನು ಕೇಳ್ಲಿಲ್ಲ, ಗೊತ್ತುಂಟು. ನೀನು ಬಾಯಿಯೇ ಬಿಡ್ಲಿಲ್ಲ. ಆದ್ರೂ ಹೇಳಿದೆ ಅಷ್ಟೆ. ಮಗುವಿನ ಸೋದರತ್ತೆ ನಾನು, ಕಿವಿಯಲ್ಲಿ ಹೆಸರು ಹೇಳಿದವಳು ನಾನು. ಎಂತ ಹೇಳಿದೆ ಅಂತ ಹೆತ್ತವಳಿಗೆ ಒಂದು ಮಾತು ಹೇಳ್ಬೇಡ್ವಾ?

ಎಂತಕ್ಕೆ ನಗಾಡುದು ಅಶ್ಮಿತಾ?

ನಗಾಡ್ಬೇಡ, ಮಗು ಏಳ್ತದೆ. ಈಗಷ್ಟೆ ಮಲಗಿದ್ದು, ಪಾಪ. ಇಪ್ಪತ್ತೆಂಟು ದಿನದ ಹೆಣ್ಣುಮಗು, ಬೆಳಿಗ್ಗೆಯಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಪಾಯಸದ ಪಾತ್ರೆ ಹೋದ ಹಾಗೆ ಹೋಗಿದೆ. ಈಗ ನೋಡು, ಎಷ್ಟು ಸುಖ! ನಿನ್ನ ಅಮ್ಮ, ಬೆಳ್ಳೂರಿನ ತವರಿನವರೆಲ್ಲ ಜೀಪು ಹತ್ತಿದ್ರು. ಜಿತ್ತು ಶಾಮಿಯಾನದವರ ಪಾತ್ರೆ ಕೊಡ್ಲಿಕ್ಕೆ ಸೀತಾಂಗೋಳಿಗೆ ಹೋದ. ನಿನ್ನ ಗಂಡ ಅಲ್ವಾ, ನಾಲ್ಕು ಪಾತ್ರೆ ಕೊಡ್ಲಿಕ್ಕೆ ನಾಲ್ಕು ಕಡೆ ಮಾತಾಡಿ ಬರುವವ. ಕತ್ತಲಾಗುವವರೆಗೆ ನಾವಿಬ್ಬರೇ.

ಆದ್ರೂ ಹೆಸರಿನ ವಿಷಯದಲ್ಲಿ ಎಂತ ರಗಳೆ ಮಾರಾಯ್ತಿ! ಕೂಸು ಹುಟ್ಟುವ ಮೊದಲೇ ಕುಲಾವಿ ಅಂತಾರಲ್ಲ, ನಮ್ಮಲ್ಲಿ ಕುಲಾವಿಗೂ ಮೊದಲು ವಾಟ್ಸಾಪ್ ಗ್ರೂಪು. ಶಾರ್ಜಾದಿಂದ ನಿನ್ನ ತಮ್ಮ ಪ್ರವೀತ್ ಐವತ್ತು ಹೆಸರು ಕಳಿಸಿದ. ಒಂದೊಂದು ಓದುವಾಗಲೂ ನನಗೆ ನೀರು ಕುಡಿಯಬೇಕಾಯ್ತು. ಅರ್ಥ ಎಂತ ಅಂತ ಕೇಳಿದ್ರೆ ‘ಗೂಗಲಲ್ಲಿ ಉಂಟು ಅಕ್ಕ’ ಅಂತಾನೆ. ಆಗ ನೀನೇ ಹೇಳಿದ್ದು, ‘ಅದೆಲ್ಲ ಬೇಡ ಅತ್ತಿಗೆ, ಹಳೇ ಹೆಸರು ಇಡುವಾ. ಮನೆಯ ಹೆಂಗಸರದ್ದು. ನಮ್ಮನ್ನು ಸಾಕಿದವರ ನೆನಪಿಗೆ.’ ಹೌದಾ ಅಲ್ವಾ? ಸಾಕಿದವರು ಅಂತ ಹೇಳಿದ್ದು ನೀನು. ಆ ಶಬ್ದ ನಾನು ಮರೀಲಿಲ್ಲ.

ಮತ್ತೆ ಪಟ್ಟಿ ಬರೆದದ್ದು ಯಾರು? ನಾನು. ಕ್ಯಾಲೆಂಡರಿನ ಹಿಂದೆ. ಎಲ್ಲರೂ ಹೇಳುದು, ನಾನು ಬರೆಯುದು. ನಿನ್ನ ಅಮ್ಮನ ಅಮ್ಮ ಕಲ್ಯಾಣಿ, ಅವರ ಅಕ್ಕ ದೇಯಿ, ನಮ್ಮ ಅಜ್ಜಿ ಸುಂದರಿ… ಹತ್ತು ಆಯ್ತು. ಹನ್ನೊಂದನೆಯದ್ದು ಜಿತ್ತು ಹೇಳಿದ, ‘ಗೌರಿ’ ಅಂತ. ಯಾರಿದು ಗೌರಿ, ಯಾವ ಕಡೆಯ ಅಜ್ಜಿ ಅಂತ ಎಲ್ಲರೂ ಮಂಡೆ ಕೆರೆದುಕೊಂಡದ್ದೇ ಬಂತು. ಕಡೆಗೆ ನೋಡಿದ್ರೆ ನಮ್ಮ ಹಳೇ ದನ! ‘ಅದರ ಹಾಲು ಕುಡಿದು ಬೆಳೆದವ ನಾನು’ ಅಂತಾನೆ, ದೊಡ್ಡ ಮನುಷ್ಯ. ಕುಡಿದದ್ದು ಹೌದು. ಕರೆದದ್ದು ಯಾರು? ಕಾಯಿಸಿ, ಆರಿಸಿ, ‘ಕುಡಿ ಮಗಾ’ ಅಂತ ಹಿಂದೆ ಹಿಂದೆ ಓಡಿದ್ದು ಯಾರು?

ಬಿಡು. ದನದ ಹೆಸರನ್ನೂ ಬರೆದೆ. ಬರೆದು, ಪೆನ್ನು ಹಿಡಿದುಕೊಂಡು ಮತ್ತೂ ಸ್ವಲ್ಪ ಹೊತ್ತು ಕೂತೆ. ಯಾರಿಗಾದ್ರೂ ಇನ್ನೊಂದು ಹೆಸರು ನೆನಪಾಗ್ತದಾ ಅಂತ. ಯಾರಿಗೂ ಆಗ್ಲಿಲ್ಲ. ಎದ್ದು ಚಾ ಮಾಡ್ಲಿಕ್ಕೆ ಹೋದೆ.

ಇಲ್ಲಪ್ಪ, ಬೇಸರ ಎಂತದ್ದು? ಚಾದ ಹೊತ್ತಾಗಿತ್ತು.

ಮತ್ತೆ ರತ್ನಾವತಿಯೇ ಆಗ್ಬೇಕು ಅಂತ ಹಠ ಹಿಡಿದವಳೂ ನಾನೇ ಅಲ್ವಾ! ನಮ್ಮ ಅಮ್ಮನ ಹೆಸರು. ಜಿತ್ತುವಿಗೆ ಏಳು ವರ್ಷ ಆಗುವಾಗ ಹೋದದ್ದು ಅಮ್ಮ. ಅವನಿಗೆ ಮುಖವೂ ಸರಿ ನೆನಪಿಲ್ಲ. ಹೆಸರಾದ್ರೂ ಮನೆಯಲ್ಲಿ ಓಡಾಡ್ಲಿ ಅಂತ ನನಗೆ. ನಿನ್ನ ಅಮ್ಮ ಕಲ್ಯಾಣಿಯನ್ನು ಬಿಡ್ಲಿಕ್ಕೆ ತಯಾರಿಲ್ಲ. ಎರಡು ವಾರ! ನಮ್ಮ ಹೆಂಗಸರ ಸಂಘದ ಕುಟುಂಬಶ್ರೀ ಹೋಟೆಲಿನ ಅಡುಗೆಕೋಣೆಯಲ್ಲಿ ನಿಂತು, ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ, ಮೀನು ಕಾಯಿಸುತ್ತ ವಾದ ಮಾಡಿದ್ದೇನೆ ನಾನು. ಒಂದು ದಿನ ನಲವತ್ತು ಬಂಗುಡೆ ಇದ್ದಿಲಾಯ್ತು. ಊಟಕ್ಕೆ ಬಂದವರು ಇದೆಂತ ಹೊಸ ನಮೂನೆ ಅಂತ ಕೇಳಿದ್ರು. ಕಡೆಗೆ ನಿನ್ನ ಅಮ್ಮ ‘ನಿಮ್ಮ ಬಾಯಿಗೆ ನನ್ನಿಂದ ಆಗ್ಲಿಕ್ಕಿಲ್ಲ’ ಅಂತ ಸೋತ್ರು. ಅಷ್ಟು ಕಷ್ಟಪಟ್ಟು ಗೆದ್ದ ಹೆಸರು. ಅದನ್ನು ಬಿಟ್ಟು ಬೇರೆ ಹೆಸರು ಹೇಳ್ಲಿಕ್ಕೆ ನನ್ನ ಮಂಡೆ ಸಮ ಇಲ್ವಾ?

ಎಂತ? ಬೇರೆ ಹೆಸರಿನ ಮಾತು ಯಾರು ತೆಗೆದದ್ದು ಅಂತಲಾ? ನಾನೇ… ಮಾತಿಗೆ ಹೇಳಿದೆ ಮಾರಾಯ್ತಿ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳಲ್ಲ ನಾನು.

ಕೇಳಿತಾ? ಬಿಕ್ಕಳಿಕೆ! ನಿದ್ದೆಯಲ್ಲೂ ಬಿಕ್ಕಳಿಕೆ. ಮಧ್ಯಾಹ್ನದಿಂದ ಇದು ನಾಲ್ಕನೇ ಸಲ. ಹೆಸರು ಹೇಳುವವರೆಗೆ ಇರ್ಲೇ ಇಲ್ಲ ನೋಡು… ಅಲ್ಲ, ಹಾಲು ಜಾಸ್ತಿ ಆಗಿರ್ಬೇಕು. ಹಾಲೇ. ಮತ್ತೆಂತ?

ಅಶ್ಮಿತಾ, ಒಂದು ಕೆಲಸ ಮಾಡುವಾ? ಸುಮ್ನೆ, ಮನಸ್ಸಿನ ಸಮಾಧಾನಕ್ಕೆ. ವೀಳ್ಯದೆಲೆ ಇನ್ನೂ ಬಾಡ್ಲಿಲ್ಲ. ಒಂದು ಕಿವಿಗೆ ಎಲೆ ಮುಚ್ಚಿ, ಇನ್ನೊಂದು ಕಿವಿಯಲ್ಲಿ ಮತ್ತೊಮ್ಮೆ ರತ್ನಾವತಿ ಅಂತ ಹೇಳಿಬಿಡ್ತೇನೆ. ಎರಡು ನಿಮಿಷದ ಕೆಲಸ. ಯಾರಿಗೆ ಗೊತ್ತಾಗ್ತದೆ?

ಬೇಡ್ವಾ? ತಲೆ ಆಡಿಸುದು ಯಾಕೆ? ಒಂದು ಸಲ ಹೇಳಿದ್ದನ್ನು ಇನ್ನೊಂದು ಸಲ ಹೇಳಿದ್ರೆ ಎಂತ ನಷ್ಟ?

…ಎಂತ ನೋಡುದು ನೀನು ನನ್ನನ್ನು ಹಾಗೆ?

ನಿನ್ನ ಕಿವಿ ಯಾಕೆ ಮುಟ್ಟಿ ತೋರಿಸುದು ಮಾರಾಯ್ತಿ?

ಅಯ್ಯೋ ದೇವರೇ! ಮಗು ನಿನ್ನ ಮಡಿಲಲ್ಲೇ ಇತ್ತಲ್ಲ… ನಾನು ಬಗ್ಗುವಾಗ ನನ್ನ ತಲೆ ನಿನ್ನ ಗಲ್ಲಕ್ಕೆ ತಾಗಿತ್ತಲ್ಲ… ಪ್ರವೀತ್ ವಿಡಿಯೋ ಕಾಲಲ್ಲಿ ಬೊಬ್ಬೆ ಹಾಕ್ತಿದ್ದ, ಯಾರಿಗೂ ಕೇಳ್ಲಿಕ್ಕಿಲ್ಲ ಅಂತ ನಾನು… ನಿನಗೆ ಕೇಳಿತಾ? ಮೂರೂ ಸಲ?

ಬೇಕಂತ ಹೇಳಿದ್ದಲ್ಲ, ದೈವದಾಣೆ! ಅಮ್ಮನ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಬಗ್ಗಿದೆ, ಮಗುವಿನ ಎಣ್ಣೆಯ ಪರಿಮಳ ಬಂತು, ಇಷ್ಟೇ ಇಷ್ಟು ಕಿವಿ… ಬಾಯಿಂದ ಬಂದದ್ದು ‘ಪಂಕಜಾಕ್ಷಿ’. ನನ್ನದೇ ಹೆಸರು! ಬಾಯಿ ತಪ್ಪಿದ್ದು. ಎರಡನೇ ಸಲ… ಅದೂ ಬಾಯಿ ತಪ್ಪಿದ್ದೇ ಅಂತ ಇಟ್ಟುಕೊ. ಮೂರನೇ ಸಲ…

ಮೂರನೇ ಸಲ ಬೇಕಂತಲೇ ಹೇಳಿದೆ. ಸಾಕಾ? ಆಣೆ ಹಾಕಿದ್ದು ಮೊದಲನೇ ಸಲದ್ದಕ್ಕೆ ಮಾತ್ರ.

ಆಸೆ ಆಯ್ತು ಅಶ್ಮಿತಾ. ಎಂತ ಮಾಡುದು, ಆಸೆ ಆಯ್ತು. ನನಗೊಂದು ಹೆಸರು ಉಂಟು ಅಂತ ಮತದಾರರ ಪಟ್ಟಿಗೆ ಮಾತ್ರ ಗೊತ್ತು. ಜಿತ್ತುವಿಗೆ ನಾನು ಅಕ್ಕ. ಊಟಕ್ಕೆ ಬರುವ ಫ್ಯಾಕ್ಟರಿಯವರಿಗೂ ಅಕ್ಕ. ಪಂಚಾಯತಿನಲ್ಲಿ ಚೇಚಿ, ಮಲಯಾಳದಲ್ಲಿ ಅದೂ ಅಕ್ಕನೇ. ನಿನಗೆ ಅತ್ತಿಗೆ. ಮಕ್ಕಳಿದ್ದವರ ಹೆಸರನ್ನು ಮೊಮ್ಮಕ್ಕಳು ಎತ್ತಿಕೊಂಡು ಹೋಗ್ತಾರೆ. ಮದುವೆಯೇ ಆಗದವಳ ಹೆಸರನ್ನು ಯಾರು ಎತ್ತಿಕೊಳ್ಳುದು? ನಾನು ಸತ್ತ ದಿನವೇ ಅದೂ ಸಾಯ್ತದೆ. ಆ ಪಟ್ಟಿಯಲ್ಲಿ ದನಕ್ಕೂ ಜಾಗ ಸಿಕ್ಕಿತು. ಐವತ್ತು ವರ್ಷದ ಹೆಂಗಸು ನಾನು, ದನದ ಮೇಲೆ ಹೊಟ್ಟೆಕಿಚ್ಚು ಪಟ್ಟೆ! ಅದೂ ಸತ್ತ ದನದ ಮೇಲೆ! ನಗಾಡು, ಈಗ ನಗಾಡು.

ಆದ್ರೆ ಹೆದರಿಕೆ ಆಗ್ತದೆ ಮಾರಾಯ್ತಿ. ಬದುಕಿರುವವರ ಹೆಸರು ಇಡ್ಲಿಕ್ಕಿಲ್ಲ ಅಂತಾರೆ. ಅದರಲ್ಲೂ ಒಂಟಿ ಹೆಂಗಸಿನದ್ದು. ನನ್ನ ಹಣೆಬರಹ ಈ ಮಗುವಿಗೆ ತಾಗಿದ್ರೆ? ಅಮ್ಮನಿಗೆ ನಾನು ಎಂತ ಉತ್ತರ ಹೇಳುದು? ನೀನು ಯಾರ ಹತ್ರ ಹೇಳಿದ್ದು? ಜಿತ್ತು ಹತ್ರ?

ಇಲ್ವಾ? ನಿನ್ನ ಅಮ್ಮನ ಹತ್ರ? ಅವರ ಹತ್ರವೂ ಇಲ್ಲ? ಇಷ್ಟು ದೊಡ್ಡ ವಿಷಯ ಹೊಟ್ಟೆಯಲ್ಲಿ ಇಟ್ಟುಕೊಂಡು ಎರಡು ಲೋಟ ಪಾಯಸ ಕುಡಿದದ್ದಾ ನೀನು!

ಏ, ಎಂತ ಮಾಡುದು? ಮಗುವನ್ನು ಯಾಕೆ ಎತ್ತುದು? ಮಲಗಿದ್ದ ಮಗು… ನನ್ನ ಕೈಗೆ ಯಾಕೆ? ಕೊಡು, ಕೊಡು, ಕುತ್ತಿಗೆ ಜಾಗ್ರತೆ. ನೋಡು, ಕಣ್ಣು ಬಿಟ್ಟಳು. ನನ್ನನ್ನೇ ನೋಡ್ತಾಳೆ.

ಕರೀಬೇಕಾ? ರತ್ನಾವತಿ ಅಂತ ಅಲ್ವಾ?

ಅಲ್ವಾ?…

ಸುಮ್ನೆ ನಿಂತು ನಗಾಡ್ಬೇಡ, ಬಾಗಿಲು ಹಾಕು ಮೊದಲು. ಕಿಟಕಿಯೂ ಹಾಕು. ಆಯ್ತಾ?… ಆಯ್ತು.

ಪಂಕಜಾಕ್ಷೀ…

ಓ!

ಅಯ್ಯೋ, ನನ್ನ ಅವಸ್ಥೆ ನೋಡು! ಕರೆದವಳೂ ನಾನೇ, ಓ ಅಂದವಳೂ ನಾನೇ! ಎಂತ ಮಾಡುದು ಮಾರಾಯ್ತಿ, ಇಷ್ಟು ವರ್ಷ ಈ ಹೆಸರಿಗೆ ಓಗೊಡ್ಲಿಕ್ಕೆ ನಾನೊಬ್ಬಳೇ ಇದ್ದದ್ದಲ್ವಾ…